ಹಳೇ ಕಾರಿಗೆ ‘ಶೋರೂಮ್ ಫಿನಿಶ್’ ಅಂತ ದುಡ್ಡು ಕೊಡೋಕೆ ಮುಂಚೆ ಇದನ್ನ ಓದಿ

ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡು, ಗೀರು, ಜೋತುಬಿದ್ದ ರೂಫ್ ಲೈನಿಂಗ್, ಅಂಟಂಟಾದ ಡೋರ್ ಪ್ಯಾಡ್ ಎಲ್ಲಾ ಒಂದೇ ಕಡೆ ಮಾಡಿಸಿ ಮುಗಿಸಿಬಿಡೋಣ ಅಂತಿರೋರು ದಯವಿಟ್ಟು ಪೂರ್ತಿ ಓದಿ. ಶೆಡ್ಡಿನ ಹೆಸರು ಹಾಕ್ತಿಲ್ಲ. ಇಂಥವು ಗಲ್ಲಿಗೊಂದಿವೆ, ಒಂದರ ಹೆಸರು ಹೇಳಿದ್ರೆ ಮಿಕ್ಕಿದ್ದೆಲ್ಲಾ ಸಾಚಾ ಅಂದ್ಕೊಂಡುಬಿಡ್ತೀರಿ.

ಗಾಡಿ ಸಿಲ್ವರ್ ಸ್ವಿಫ್ಟ್. ಒಪ್ಪಿಕೊಂಡ ಕೆಲಸ ಇಷ್ಟು: ಹಿಂದಿನ ಬಂಪರ್ ಪೇಂಟು, ಎಡಗಡೆ ಹಿಂದಿನ ಡೋರಿನ ಡೆಂಟು ಮತ್ತು ಗೀರು, ರೂಫ್ ಲೈನಿಂಗ್, ಡ್ಯಾಶ್‌ಬೋರ್ಡ್ ಮತ್ತು ಡೋರ್ ಪ್ಯಾಡ್ ‘ರಿಸ್ಟೋರ್’. ಒಟ್ಟು 18,500 ರೂಪಾಯಿ. ಎಲ್ಲಾ ಪಾರ್ಟ್ ಬಿಚ್ಚಿ ಪೇಂಟ್ ಹೊಡೀತೀವಿ, 2ಕೆ ಕ್ಲಿಯರ್ (ಬಣ್ಣದ ಮೇಲೆ ಹಾರ್ಡನರ್ ಬೆರೆಸಿ ಹೊಡೆಯೋ ಪಾರದರ್ಶಕ ಕೋಟು) ಹಾಕ್ತೀವಿ, ಬೂತಲ್ಲಿ (ಧೂಳು ಬರದ ಮುಚ್ಚಿದ ಕೋಣೆ) ಬೇಕ್ ಮಾಡ್ತೀವಿ, ಒಂದು ವರ್ಷ ಗ್ಯಾರಂಟಿ. ಪೂರಾ ಬಾಯಿಮಾತು. ಬಿಲ್ ಕೇಳಿದ್ರೆ “ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಆಗುತ್ತೆ ಸಾರ್, ನಿಮಗ್ಯಾಕೆ ಸುಮ್ನೆ ಲಾಸು” ಅಂದ್ರು. ದುಡ್ಡು ಮಾತ್ರ “ನಮ್ ಬ್ರದರ್ ನಂಬರ್‌ಗೆ ಹಾಕ್ಬಿಡಿ”.

ಡೆಲಿವರಿಗೆ “ಸಂಜೆ ಏಳರ ಮೇಲೆ ಬನ್ನಿ ಸಾರ್”. ಇದನ್ನ ನೆನಪಿಟ್ಕೊಳ್ಳಿ. ಸಿಲ್ವರ್ ಗಾಡಿನ ಟ್ಯೂಬ್‌ಲೈಟ್ ಕೆಳಗೆ ನೋಡಿದ್ರೆ ಯಾವ ಬಣ್ಣಾನೂ ಮ್ಯಾಚ್ ಆದ ಹಾಗೇ ಕಾಣುತ್ತೆ. ಬೆಳಿಗ್ಗೆ ಬಿಸಿಲಿಗೆ ತಂದು ನಿಲ್ಲಿಸಿದಾಗ ಗೊತ್ತಾಯ್ತು: ನೇರ ನಿಂತು ನೋಡಿದ್ರೆ ಆ ಒಂದು ಡೋರು ಬಿಳಚಿಕೊಂಡಿದೆ, ಟೈಲ್‌ಲ್ಯಾಂಪ್ ಪಕ್ಕ ನಿಂತು ಓರೆಯಲ್ಲಿ ನೋಡಿದ್ರೆ ಕಪ್ಪಗಿದೆ. ಪಕ್ಕದ ಮನೆಯವರು “ಡೋರ್ ಬೇರೆ ಗಾಡೀದಾ?” ಅಂತ ಕೇಳಿದ್ರು. ಏನಂತ ಉತ್ತರ ಕೊಡೋದು!

ಫೋನ್ ಮಾಡಿದ್ರೆ ಬಂದ ಉತ್ತರ: “ಸಾರ್, ನಾವು ಹೊಡೆದಿರೋದೇ ಒರಿಜಿನಲ್ ಕಲರ್. ನಿಮ್ ಹಳೇ ಪೇಂಟು ಫೇಡ್ ಆಗಿದೆ. ಎರಡು ತಿಂಗಳು ಬಿಸಿಲಲ್ಲಿ ಓಡಾಡ್ಸಿ, ಸೆಟ್ ಆಗುತ್ತೆ.” ಪೇಂಟೇನು ದೋಸೆ ಹಿಟ್ಟಾ, ಬಿಟ್ಟರೆ ಹದಕ್ಕೆ ಬರೋಕೆ?

ಕಲರ್ ಕೋಡ್ ಸರಿಯಾಗೇ ಇರಬಹುದು, ತಕರಾರು ಅದಲ್ಲ. ಸಿಲ್ವರ್ ಪೇಂಟಲ್ಲಿ ಅಲ್ಯೂಮಿನಿಯಂ ಚೂರು ಇರುತ್ತೆ. ಸ್ಪ್ರೇ ಗನ್ ದೂರ ಹಿಡಿದು, ಪ್ರೆಶರ್ ಜಾಸ್ತಿ ಇಟ್ಟು ಒಣಒಣ ಹೊಡೆದ್ರೆ ಬಣ್ಣ ಬಿಳಚಿಕೊಳ್ಳುತ್ತೆ. ಹತ್ತಿರದಿಂದ ಒದ್ದೆಯಾಗಿ ಹೊಡೆದ್ರೆ ಗಾಢವಾಗುತ್ತೆ. ಒಂದೇ ಡಬ್ಬ, ಎರಡು ಬಣ್ಣ. ಅದಕ್ಕೇ ಕೆಲಸ ಗೊತ್ತಿರೋ ಪೇಂಟರ್ ಮೊದಲು ಒಂದು ಕಾರ್ಡಿನ ಮೇಲೆ ಹೊಡೆದು, ಕ್ಲಿಯರ್ ಹಾಕಿ, ಒಣಗಿಸಿ, ಬಿಸಿಲಲ್ಲಿ ಗಾಡಿ ಪಕ್ಕ ಹಿಡಿದು ನೋಡ್ತಾನೆ. ಆಮೇಲೆ ಡೋರಿನ ಅಂಚಿಗೆ ನಿಲ್ಲಿಸದೆ ಮುಂದಿನ ಡೋರು ಮತ್ತು ಹಿಂದಿನ ಕ್ವಾರ್ಟರ್ ಪ್ಯಾನೆಲ್‌ವರೆಗೆ (ಹಿಂದಿನ ಚಕ್ರದ ಮೇಲಿನ ತಗಡು) ಬೇಸ್ ಕೋಟ್, ಅಂದ್ರೆ ಬಣ್ಣದ ಪದರ, ತೆಳ್ಳಗೆ ಹಾಯಿಸಿ, ಮೂರಕ್ಕೂ ಪೂರ್ತಿ ಕ್ಲಿಯರ್ ಹಾಕ್ತಾನೆ. ಇದಕ್ಕೆ ಚಾರ್ಜ್ ಜಾಸ್ತಿ. ನೆಟ್ಟಗಿರೋರು ಮೊದಲೇ ಹೇಳ್ತಾರೆ. ಇವರು ಡೋರಿನ ಸುತ್ತ ಟೇಪ್ ಹಚ್ಚಿ ಹೊಡೆದು ಕೈತೊಳೆದುಕೊಂಡಿದ್ದಾರೆ.

ಪಾರ್ಟ್ ಬಿಚ್ಚೋ ಮಾತಂತೂ ಶುದ್ಧ ಸುಳ್ಳು. ಗ್ಲಾಸ್ ಕೆಳಗಿನ ರಬ್ಬರ್ ಬೀಡಿಂಗನ್ನ ಉಗುರಲ್ಲಿ ಸ್ವಲ್ಪ ಎತ್ತಿ ನೋಡಿದ್ರೆ ಅಡಿಯಲ್ಲಿ ಹಳೇ ಪೇಂಟು, ಮೇಲೆ ಹೊಸದರ ಅಂಚು. ಹ್ಯಾಂಡಲ್ ಸುತ್ತಲೂ ಅದೇ ಗೆರೆ. ನೀರು ನುಗ್ಗಿ ಪೇಂಟ್ ಏಳೋಕೆ ಶುರುವಾಗೋದೇ ಆ ಗೆರೆಯಿಂದ. ಹ್ಯಾಂಡಲ್ ಬಿಚ್ಚಬೇಕಂದ್ರೆ ಡೋರ್ ಪ್ಯಾಡ್ ತೆಗೀಬೇಕು. ಡೋರ್ ಪ್ಯಾಡ್ ರಿಸ್ಟೋರ್ ಮಾಡೋಕೆ ಹೇಗಿದ್ರೂ ತೆಗೆದಿರಬೇಕಲ್ವಾ? ತೆಗೆದೇ ಇಲ್ಲ! ಸ್ಕ್ರೂ ಮುಚ್ಚಳದ ಸಂದಿಯಲ್ಲಿ ಹಳೇ ಧೂಳು ಹಾಗೇ ಕೂತಿದೆ.

ಹಾಗಾದ್ರೆ ರಿಸ್ಟೋರ್ ಅಂದ್ರೆ ಏನು ಮಾಡಿದ್ರು? ಸಿಲಿಕಾನ್ ಪಾಲಿಶ್ ಸ್ಪ್ರೇ. ಅಷ್ಟೇ. ಮಿರಮಿರ ಮಿಂಚುತ್ತೆ, ಒದ್ದೆ ಬಟ್ಟೆಯಲ್ಲಿ ನಾಲ್ಕು ಸಲ ಒರೆಸಿದ್ರೆ ಹಳೇ ಬಿಳಿ ಗೀರು ವಾಪಸ್. ಸ್ವಿಚ್ ಸುತ್ತ ಅಂಟಂಟಾಗಿರೋದು ಮೆತ್ತನೆ ಕೋಟಿಂಗ್ ವಯಸ್ಸಾಗಿ, ತೇವಕ್ಕೆ ಕೊಳೆತಿರೋದು. ಅದರ ಮೇಲೆ ಏನು ಬಳಿದರೂ ನಿಲ್ಲಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕ್ಕೊಂಡು, ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ, ಆಮೇಲೆ ಉಜ್ಜಿ ಉಜ್ಜಿ ಪೂರ್ತಿ ತೆಗೆಯೋದೇ ದಾರಿ. ಥಿನ್ನರ್ ಮುಟ್ಟಿಸಬೇಡಿ, ಎಬಿಎಸ್ ಪ್ಲಾಸ್ಟಿಕ್ ಕರಗಿ ಮುಖ ಕೆಟ್ಟುಹೋಗುತ್ತೆ.

ಆ ಸಿಲಿಕಾನ್ ಸ್ಪ್ರೇಯನ್ನ ಪೇಂಟಿಗೆ ಮುಂಚೆಯೇ, ಅದೇ ಶೆಡ್ಡಲ್ಲಿ ಹೊಡೆದಿದ್ದಾರೆ. ಕೆಲಸದ ಹುಡುಗ ಪಾಪ ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟ: “ಇಂಟೀರಿಯರ್ ಮೊದ್ಲೇ ಮುಗ್ಸಿದ್ವಿ ಅಣ್ಣ, ಆಮೇಲೆ ಪೇಂಟು.” ಗಾಳಿಯಲ್ಲಿ ತೇಲೋ ಸಿಲಿಕಾನ್ ಕಣ ಡೋರ್ ಮೇಲೆ ಕೂತರೆ ಪೇಂಟ್ ಅಲ್ಲಿಂದ ಸರಿದುಬಿಡುತ್ತೆ. ಹ್ಯಾಂಡಲ್ ಕೆಳಗಡೆ ಗುಂಡುಸೂಜಿ ತಲೆಯಷ್ಟು ಗುಂಡಗಿನ ಗುಳಿಗಳು, ಸುತ್ತ ಸಣ್ಣ ದಂಡೆ, ಮಧ್ಯದಲ್ಲಿ ಕ್ಲಿಯರ್ರೇ ಇಲ್ಲ. ಪೇಂಟರುಗಳು ಫಿಶ್ ಐ ಅನ್ನೋದು ಇದನ್ನೇ.

ಶೆಡ್ ಓನರ್ ಹೇಳಿದ್ದು: “ಅದು ಧೂಳು ಸಾರ್, ಬಫಿಂಗಲ್ಲಿ ಹೋಗುತ್ತೆ.” ಧೂಳು ಅಂದ್ರೆ ಉಬ್ಬಿರುತ್ತೆ ಸ್ವಾಮಿ, ಉಗುರಿಗೆ ತಾಗುತ್ತೆ. 2000 ನಂಬರ್ ಸ್ಯಾಂಡ್‌ಪೇಪರಲ್ಲಿ ನೀರು ಹಾಕಿ ಉಜ್ಜಿ ಕಾಂಪೌಂಡ್ (ಉಜ್ಜಿ ಹೊಳಪು ಬರಿಸೋ ಪೇಸ್ಟ್) ಹೊಡೆದ್ರೆ ಹೋಗುತ್ತೆ, ನಿಜ. ಇದು ಗುಳಿ. ಗುಳಿ ಬಫಿಂಗಲ್ಲಿ ಹೋಗಲ್ಲ, ಸುತ್ತಲಿನ ಕ್ಲಿಯರ್ ಸವೆಯುತ್ತೆ. ಸವೆದೇ ಹೋಯ್ತು. ಕ್ಲಿಯರ್ ಇರೋದೇ 40–50 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್). ಡೋರಿನ ಉಬ್ಬು ಗೆರೆ ಮೇಲೆ ಅದು ಇನ್ನೂ ತೆಳ್ಳಗೆ. ಉಣ್ಣೆ ಪ್ಯಾಡ್ ಹಾಕಿ ಮಷೀನ್ ಒತ್ತಿ ಹಿಡಿದು ಆ ಗೆರೆಯುದ್ದಕ್ಕೂ ಬೇಸ್ ಕೋಟ್ ಕಾಣಿಸಿಬಿಟ್ಟಿದ್ದಾರೆ. ಈಗ ಅಲ್ಲಿ ಹೊಳಪಿಲ್ಲದ ಪಟ್ಟಿ. “ಪಾಲಿಶ್ ಹಾಕಿದ್ರೆ ಕಾಣಲ್ಲ ಸಾರ್.” ಎಲ್ಲದಕ್ಕೂ ಪಾಲಿಶ್!

ಡೆಂಟ್ ಎತ್ತಿದ್ದಾರಾ ಅಂತ ಫ್ರಿಜ್ ಮ್ಯಾಗ್ನೆಟ್ ಇಟ್ಟು ನೋಡಿದ್ರೆ ಕೈಬಿಟ್ಟ ತಕ್ಷಣ ಜಾರಿ ಬಿತ್ತು. ಅಂದ್ರೆ ತಗಡು ಎಳೆದೇ ಇಲ್ಲ, ಡೆಂಟಿಗೆ ಬರೀ ಪುಟ್ಟಿ ಮೆತ್ತಿ ಮುಚ್ಚಿದ್ದಾರೆ. ತಗಡನ್ನ ಆದಷ್ಟು ಮಟ್ಟಕ್ಕೆ ಎಳೆದು, ಪುಟ್ಟಿ 2–3 ಮಿಲಿಮೀಟರ್ ಒಳಗೆ ಮುಗಿಸಬೇಕು. 80 ನಂಬರ್ ಪೇಪರಲ್ಲಿ ಆಕಾರ, 180, 320ರಲ್ಲಿ ನುಣುಪು, ಇಷ್ಟನ್ನೂ ಒಣಗಿದ್ದೇ ಉಜ್ಜಬೇಕು. ಪುಟ್ಟಿ ನೀರು ಕುಡಿಯುತ್ತೆ. ನೀರು ಹಾಕಿ ಉಜ್ಜಿ ಅರ್ಜೆಂಟಲ್ಲಿ ಪ್ರೈಮರ್ ಹೊಡೆದ್ರೆ ಮುಂದೆ ಗುಳ್ಳೆ ಏಳುತ್ತೆ. ನೀರು ಹಾಕೋದೇನಿದ್ರೂ ಪ್ರೈಮರ್ ಮೇಲೆ, 600, 800 ಪೇಪರಿಗೆ. ಅಂದಹಾಗೆ ಗಾಡಿ ಕೊಳ್ಳುವಾಗಲೇ ಪೇಂಟಿನ ದಪ್ಪ ಅಳೆಯೋ ಥಿಕ್‌ನೆಸ್ ಮೀಟರ್ ಹಿಡಿಸಿ: ಕಂಪನಿ ಪೇಂಟು ಸಾಮಾನ್ಯವಾಗಿ 100–150 ಮೈಕ್ರಾನ್ ಆಸುಪಾಸು, ಸಾವಿರ ದಾಟಿದ್ರೆ ಒಳಗೆ ಪುಟ್ಟಿ ಅಂತಲೇ ಲೆಕ್ಕ.

ಬಂಪರ್ ಕಥೆ ಎಲ್ಲಕ್ಕಿಂತ ನಾಚಿಕೆಗೇಡು. ವಾಟರ್ ವಾಶಲ್ಲಿ ಹುಡುಗ ಗನ್ ಹಿಡಿದಿದ್ದೇ ತಡ, ಮೂಲೆಯಿಂದ ಪೇಂಟು ಹಾಳೆ ಥರ ಎದ್ದು ಬಂತು. ಅಂಗೈ ಅಗಲ. ತಿರುಗಿಸಿ ನೋಡಿದ್ರೆ ಹಿಂಬದಿ ನುಣ್ಣಗೆ, ಪ್ರೈಮರಿನ ಬೂದು ಬಣ್ಣದ ಸುಳಿವೂ ಇಲ್ಲ. ಕೆಳಗೆ ಕಪ್ಪು ಪ್ಲಾಸ್ಟಿಕ್ ಫಳಫಳ. ಸಾಲಲ್ಲಿ ನಿಂತಿದ್ದವರೆಲ್ಲಾ ಬಗ್ಗಿ ನೋಡ್ತಿದ್ರು.

ಬಂಪರ್ ಪಾಲಿಪ್ರೊಪಿಲೀನ್, ಒಳಬದಿಯಲ್ಲಿ ‘ಪಿಪಿ’ ಅಂತ ಅಚ್ಚಿರುತ್ತೆ. ಅದಕ್ಕೆ ಪೇಂಟ್ ತಾನಾಗಿ ಕಚ್ಚಲ್ಲ. ಸೋಪಲ್ಲಿ ತೊಳೆದು, ಬೂದು ಬಣ್ಣದ ಸ್ಕಾಚ್‌ಬ್ರೈಟಲ್ಲಿ ಹೊಳಪು ಹೋಗೋ ತನಕ ಉಜ್ಜಿ, ಗ್ರೀಸ್ ಒರೆಸಿ, ತೆಳುವಾಗಿ ಪ್ಲಾಸ್ಟಿಕ್ ಪ್ರೈಮರ್ ಹಾಕಿ ಆಮೇಲೆ ಉಳಿದದ್ದು. ಆ ಪ್ರೈಮರ್ ದುಡ್ಡು ಉಳಿಸಿದ್ದಾರೆ. ಕೇಳಿದ್ರೆ ನಮ್ಮ ಮೇಲೇ ತಿರುಗಿದ್ರು: “ಪ್ರೆಶರ್ ವಾಶ್ ಯಾಕ್ ಮಾಡ್ಸಿದ್ರಿ? ಅದಕ್ಕೆ ಗ್ಯಾರಂಟಿ ಬರಲ್ಲ.” ಹೊಸ ಪೇಂಟಿಗೆ ಮೊದಲ ಕೆಲವು ವಾರ ಪ್ರೆಶರ್ ಬೇಡ ಅನ್ನೋದು ಸರಿ, ಅದನ್ನ ಡೆಲಿವರಿ ದಿನವೇ ಹೇಳಬೇಕಿತ್ತು. ಆದ್ರೆ ಬರೀ ಪ್ಲಾಸ್ಟಿಕ್ ಕಾಣೋ ಹಾಗೆ ಕಿತ್ತು ಬಂದ್ರೆ ಅದು ನೀರಿನ ತಪ್ಪಲ್ಲ.

ರೂಫ್ ಲೈನಿಂಗ್ ಇದಕ್ಕೂ ಮುಂಚೆಯೇ ಮಧ್ಯದಲ್ಲಿ ಮತ್ತೆ ಜೋತುಬಿದ್ದಿತ್ತು. ಬಟ್ಟೆ ಹಿಂದಿನ ತೆಳು ಫೋಮ್ ಪುಡಿಯಾಗಿರೋದ್ರಿಂದ ತಾನೇ ಅದು ಮೊದಲ ಸಲ ಬಿದ್ದಿದ್ದು? ಆ ಪುಡಿ ಮೇಲೇ ಸೋಫಾಗೆ ಹಚ್ಚೋ ಮಾಮೂಲಿ ಹಳದಿ ಗಮ್ ಬಳಿದು ಒತ್ತಿದ್ದಾರೆ. ಗಮ್ ಹಿಡಿದಿರೋದು ಪುಡಿಯನ್ನ, ಬಟ್ಟೆ ಅಂಟಬೇಕಾದ ರೂಫ್ ಬೋರ್ಡನ್ನಲ್ಲ. ಸರಿಯಾದ ಕೆಲಸ ಅಂದ್ರೆ ಸನ್ ವೈಸರ್, ಹಿಡಿಕೆ, ಕ್ಯಾಬಿನ್ ಲೈಟು, ಪಿಲ್ಲರ್ ಟ್ರಿಮ್ (ಕಿಟಕಿ ಪಕ್ಕದ ಕಂಬಗಳ ಪ್ಲಾಸ್ಟಿಕ್ ಹೊದಿಕೆ) ಬಿಚ್ಚಿ ಬೋರ್ಡ್ ಹೊರಗೆ ತೆಗೀಬೇಕು. ಹಳೇ ಫೋಮ್ ಚೂರೂ ಉಳಿಯದ ಹಾಗೆ ಬ್ರಷ್ಷಲ್ಲಿ ಕೆರೀಬೇಕು. ಫೋಮ್ ಅಂಟಿರೋ ಹೊಸ ಬಟ್ಟೆಗೂ ಬೋರ್ಡಿಗೂ ಎರಡಕ್ಕೂ ಶಾಖ ತಡೆಯೋ ಗಮ್ ಹೊಡೆದು, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಮಧ್ಯದಿಂದ ಅಂಚಿಗೆ ಒತ್ತುತ್ತಾ ಹೋಗಬೇಕು. ಕಿಟಕಿ ಮೇಲೆ ರೂಫ್ ಅಂಚಿನುದ್ದಕ್ಕೂ ಕರ್ಟನ್ ಏರ್‌ಬ್ಯಾಗ್ ಇರೋ ಗಾಡಿಯಾದ್ರೆ ಇಂಥ ಶೆಡ್ಡಲ್ಲಿ ಕೈ ಹಾಕಿಸಲೇಬೇಡಿ.

ಓನರ್ ಉತ್ತರ: “ಬಿಸಿಲಲ್ಲಿ ಗ್ಲಾಸ್ ಏರಿಸಿ ನಿಲ್ಲಿಸಿದ್ರೆ ಯಾರ ಗಾಡೀದಾದ್ರೂ ಇಳಿಯುತ್ತೆ ಸಾರ್.” ಗಾಡಿನ ಮಂಚದ ಕೆಳಗೆ ಇಟ್ಕೋಬೇಕಿತ್ತೇನೋ. ಜೊತೆಗೆ ಪಿಲ್ಲರ್ ಟ್ರಿಮ್ಮಿನ ಕ್ಲಿಪ್ ಮುರಿದು, ಹಾಗೇ ಒತ್ತಿ ಕೂರಿಸಿದ್ದಾರೆ. ಹಂಪ್ ಬಂದಾಗೆಲ್ಲಾ ಕಟಕಟ. ಜೆ.ಸಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗೋ ಕ್ಲಿಪ್ಪು, ಅದನ್ನೂ ಹಾಕೋ ಯೋಗ್ಯತೆ ಇಲ್ಲ.

ಕೊನೆಗೆ ಖುದ್ದಾಗಿ ಹೋದ್ರೆ, ಹಾಕಿದ ಮಾತು ಇದು: “ಹಳೇ ಗಾಡಿಗೆ ಇಷ್ಟೆಲ್ಲಾ ನೋಡ್ತಾರಾ ಸಾರ್? ಹೊಸದು ತಗೋಬೇಕಿತ್ತು.” ದುಡ್ಡು ತಗೊಳ್ಳುವಾಗ ಅದು ಹಳೇ ಗಾಡಿ ಆಗಿರಲಿಲ್ಲ ನೋಡಿ.

ಡೆಲಿವರಿ ಹಗಲು ಹನ್ನೊಂದು ಗಂಟೆ ಬಿಸಿಲಲ್ಲೇ ತಗೊಳ್ಳಿ. ಅರ್ಧ ದುಡ್ಡು ಅಲ್ಲಿಯವರೆಗೆ ಕೈಯಲ್ಲೇ ಇರಲಿ. ಬಿಚ್ಚಿದಾಗ, ಪುಟ್ಟಿ ಆದಾಗ, ಪ್ರೈಮರ್ ಆದಾಗ ವಾಟ್ಸಾಪಲ್ಲಿ ಫೋಟೋ ಕಳಿಸದಿದ್ರೆ ಪೇಂಟ್ ಹೊಡೆಸಬೇಡಿ. ಒಳಗಡೆ ಕೆಲಸ ಪೇಂಟಿನ ನಂತರ, ಸಾಧ್ಯವಾದ್ರೆ ಬೇರೆ ಕಡೆ. ಉಗುರು ಎಳೆದಾಗ ಸಿಗದ ಗೀರು ಬರೀ ಕ್ಲಿಯರ್ ಮೇಲಿನದ್ದು, ಕಾಂಪೌಂಡಲ್ಲಿ ಹೋಗುತ್ತೆ, ಅದಕ್ಕೆ ಪ್ಯಾನೆಲ್ ಪೇಂಟ್ ಮಾಡಿಸೋಕೆ ಒಪ್ಕೋಬೇಡಿ. 18 ಪರ್ಸೆಂಟ್ ಹೋದ್ರೆ ಹೋಗ್ಲಿ, ಬಿಲ್ಲಲ್ಲಿ ಗ್ಯಾರಂಟಿ ಬರೆಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀವಿ, ಬಿಲ್ ಬದಲು ಯುಪಿಐ ಸ್ಕ್ರೀನ್‌ಶಾಟು, ವಾಟ್ಸಾಪ್ ಚಾಟು ಇಟ್ಟಿದ್ದೀವಿ. ‘ಬ್ರದರ್’ ಯಾರು ಅಂತ ಈಗ ಶೆಡ್ಡಿನವರಿಗೇ ಗೊತ್ತಿಲ್ವಂತೆ.

ಬೇರೆ ಕಡೆ ವಿಚಾರಿಸಿದ್ರೆ ಡೋರು, ಬಂಪರ್ ಎರಡಕ್ಕೂ ರೇಟು ಮೊದಲಿಗಿಂತ ಜಾಸ್ತಿ. ಇವರು ಹೊಡೆದಿರೋದನ್ನ ಮೊದಲು ತಗಡು, ಪ್ಲಾಸ್ಟಿಕ್ ಕಾಣೋ ತನಕ ಸುಲೀಬೇಕಂತೆ, ಅದರ ಕೂಲಿ ಬೇರೆ.