ಯಜಮಾನ ಬಿಟ್ಟು ಹೋದ ಮೇಲಿನ ಡೀಪ್ ಪರ್ಪಲ್: 1984ರದ್ದಾ, 1996ರದ್ದಾ?

ಅಡಿಕೆ ಸುಲಿಯುವಾಗ ಕೈಗೆ ಕೆಲಸ ಇರುತ್ತದೆ, ಕಿವಿ ಖಾಲಿ ಇರುತ್ತದೆ. ನಮ್ಮ ಬದಿಯಡ್ಕ ಕಡೆ ಆ ಹೊತ್ತಿಗೆ ಜಗಲಿಯಲ್ಲಿ ಹಳೇ ಯಕ್ಷಗಾನದ ರೆಕಾರ್ಡಿಂಗೋ ರೇಡಿಯೋನೋ ಹಾಡುತ್ತಾ ಇರುತ್ತದೆ. ಈ ಸಲ ನಮ್ಮ ಮನೆಯಲ್ಲಿ ಹದಿನೈದು ದಿನ ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಹಾಡಿತು. ಅಮ್ಮ ಎರಡೇ ದಿನಕ್ಕೆ ಒಳಗೆ ಹೋಗಿ ಕೂತರು.

ಇದಕ್ಕೆ ಕಾರಣ ನನ್ನ ಭಾವ. ಕಾಲೇಜು ದಿನಗಳಿಂದ ಅವನ ತಲೆಯಲ್ಲಿ ಒಂದೇ ಮಾತು: ಈ ಬ್ಯಾಂಡ್ ಮುರಿದು ಬಿದ್ದು ಎದ್ದು ಬಂದದ್ದು ಒಂದೇ ಸಲ, 1984ರಲ್ಲಿ, 'ಪರ್ಫೆಕ್ಟ್ ಸ್ಟ್ರೇಂಜರ್ಸ್' ಆಲ್ಬಂ ಜೊತೆ. ಎರಡನೇ ಸಲವೂ ಎದ್ದು ಬಂದಿದ್ದಾರೆ, 1996ರ 'ಪರ್ಪೆಂಡಿಕ್ಯುಲರ್' ಕೇಳು ಅಂತ ನಾನು ಹೇಳಿದೆ. ಆ ಹೊತ್ತಿಗೆ ಹಳೇ ಗಿಟಾರಿನವನು ಬ್ಲ್ಯಾಕ್‌ಮೋರ್ ಬಿಟ್ಟು ಹೋಗಿದ್ದ, ಹಾಗಾಗಿ ಭಾವನ ಉತ್ತರ: "ಬ್ಲ್ಯಾಕ್‌ಮೋರ್ ಇಲ್ಲದ್ದ ಪರ್ಪಲ್ ಎಂತಕ್ಕೆ ಭಾವ, ಚೆಂಡೆ ಇಲ್ಲದ್ದ ಆಟದ ಹಾಂಗೆ!" ಸರಿ, ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿಯೇ ಬಿಡುವ ಅಂತ ಕೂತೆವು. ಹಗಲು ಜಗಲಿಯ ಬ್ಲೂಟೂತ್ ಸ್ಪೀಕರಿನಲ್ಲಿ, ಮಂಗಳೂರಿಗೆ ಹೋಗಿ ಬರುವಾಗ ಜೀಪಿನಲ್ಲಿ, ರಾತ್ರಿ ಎಲ್ಲ ಮಲಗಿದ ಮೇಲೆ ಹೆಡ್‌ಫೋನಿನಲ್ಲಿ. ಮೊದಲು ಹಳೇ ಸಿಡಿ ತರಿಸುವ ಆಸೆ ಇತ್ತು. ಆನ್‌ಲೈನಿನಲ್ಲಿ ಒಬ್ಬರ ಹತ್ತಿರ ಕೊಂಡೆ, ಡಬ್ಬಿ ಸರಿಯಾದದ್ದೇ ಬಂತು, ಒಳಗೆ ಇದ್ದದ್ದು ಹಿಂದಿ ಭಜನೆ. ಕೇಳಿದರೆ ಉತ್ತರವೇ ಇಲ್ಲ. ಕೊನೆಗೆ ಎರಡನ್ನೂ ಮೊಬೈಲಿನಲ್ಲೇ ಕೇಳಿದ್ದು, ಅದೇ ಒಳ್ಳೆಯದಾಯಿತು, ಎರಡಕ್ಕೂ ಒಂದೇ ನ್ಯಾಯ.

ಗೊತ್ತಿಲ್ಲದವರಿಗೆ ಹಿಂದಿನ ಕಥೆ ಸ್ವಲ್ಪ. 1976ರಲ್ಲಿ ಬ್ಯಾಂಡ್ ಮುಗಿದೇ ಹೋಗಿತ್ತು. ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್ ಅದಕ್ಕೂ ಮೊದಲೇ ಬಿಟ್ಟು ತನ್ನದೇ ಬ್ಯಾಂಡ್ 'ರೈನ್‌ಬೋ' ಕಟ್ಟಿದ್ದ. ಬಾಸ್‌ನ ರಾಜರ್ ಗ್ಲೋವರ್ ಆಮೇಲೆ ಅಲ್ಲಿಗೇ ಸೇರಿಕೊಂಡ. ಆರ್ಗನ್ನಿನ ಜಾನ್ ಲಾರ್ಡ್ 'ವೈಟ್‌ಸ್ನೇಕ್' ಕಡೆ ಹೋದ. ಹಾಡುಗಾರ ಇಯಾನ್ ಗಿಲ್ಲನ್ ಅಂತೂ 1983ರಲ್ಲಿ ಬ್ಲ್ಯಾಕ್ ಸಬ್ಬತ್ ಜೊತೆ ಒಂದು ಆಲ್ಬಂ ಮಾಡಿ ಬಂದಿದ್ದ. ಡ್ರಮ್ಸಿನ ಇಯಾನ್ ಪೇಸ್ ಸೇರಿ ಈ ಐದೂ ಜನ 1984ರಲ್ಲಿ ಮತ್ತೆ ಕೂಡಿದರು, ಅಮೆರಿಕದ ವರ್ಮಾಂಟ್‌ನಲ್ಲಿ ಕೂತು ರೆಕಾರ್ಡ್ ಮಾಡಿದರು. ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ 'ಪರ್ಫೆಕ್ಟ್ ಸ್ಟ್ರೇಂಜರ್ಸ್' 5ನೇ ಜಾಗ ಹಿಡಿಯಿತು, ಅಮೆರಿಕದಲ್ಲಿ 17ನೇದು. ಜನ ಕಾಯುತ್ತಾ ಇದ್ದರು ಅಂತ ಅದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಮೊದಲ ದಿನ ಜಗಲಿಯಲ್ಲಿ ಭಾವನದ್ದೇ ಗೆಲುವು. 'ನಾಕಿಂಗ್ ಅಟ್ ಯುವರ್ ಬ್ಯಾಕ್ ಡೋರ್' ಶುರುವಾಗುವಾಗ ಕೆಳಗಿನಿಂದ ಎಂಥದೋ ಗುಂಯ್ ಅಂತ ಏಳುತ್ತದೆ, ಆಮೇಲೆ ಬಾಸ್ ಹೆಜ್ಜೆ ಇಡುತ್ತಾ ಬರುತ್ತದೆ, ಗಿಟಾರ್ ಬಂದು ಬೀಳುವ ಹೊತ್ತಿಗೆ ಇಬ್ಬರೂ ಅಡಿಕೆ ಬಿಟ್ಟು ಕೂತಿದ್ದೆವು. (ಹಾಡಿನ ಅರ್ಥ ಮನೆಯವರಿಗೆ ವಿವರಿಸಲು ಹೋಗಬೇಡಿ.) ಆಲ್ಬಂ ಹೆಸರಿನ ಹಾಡು ಇನ್ನೂ ಮೇಲೆ. ಜಾನ್ ಲಾರ್ಡನ ಆರ್ಗನ್ ಬಾಗಿಲು ತೆರೆದ ಹಾಗೆ ತೆರೆದುಕೊಳ್ಳುತ್ತದೆ, ಮಧ್ಯದಲ್ಲಿ ಅರಬ್ ಕಡೆಯ ನೆರಳಿರುವ ಒಂದು ತಿರುವು ಬರುತ್ತದೆ, ಅಲ್ಲಿ ತಾಳ ಲೆಕ್ಕ ಹಾಕಲು ಹೋದರೆ ಕೈ ತಪ್ಪುತ್ತದೆ. ಒಂದು ತಮಾಷೆ ನೋಡಿ, ಬ್ಲ್ಯಾಕ್‌ಮೋರ್ ಇಲ್ಲದಿದ್ದರೆ ಪರ್ಪಲ್ ಇಲ್ಲ ಅನ್ನುವವರೆಲ್ಲ ಎತ್ತಿ ಹಿಡಿಯುವ ಈ ಹಾಡಿನಲ್ಲಿ ಅವನ ಗಿಟಾರ್ ಒಂದೇ ಮುಂದೆ ನಿಂತು ಮೆರೆಯುವ ಸೋಲೋನೇ ಇಲ್ಲ. ಭಾವನಿಗೆ ಇದನ್ನು ಹೇಳಿದೆ. ಅವನು ಅಡಿಕೆ ಎಣಿಸುವವನ ಹಾಗೆ ಗೋಣಿಯ ಒಳಗೆ ನೋಡಿದ.

ಆದರೆ ಮೂರನೇ ದಿನದಿಂದ ನಾವು ಅದೇ ಎರಡು ಮೂರು ಹಾಡು ಕೇಳಿ ಉಳಿದದ್ದನ್ನು ದಾಟಿಸಲು ಶುರು ಮಾಡಿದೆವು. 'ಮೀನ್ ಸ್ಟ್ರೀಕ್', 'ನೋಬಡೀಸ್ ಹೋಮ್' ಕೇಳಬಹುದು, ಬೈಯುವ ಹಾಗಿಲ್ಲ, ನೆನಪಲ್ಲಿ ನಿಲ್ಲುವುದೂ ಇಲ್ಲ. 'ವೇಸ್ಟೆಡ್ ಸನ್‌ಸೆಟ್ಸ್' ಮಾತ್ರ ರಾತ್ರಿ ಹೆಡ್‌ಫೋನಿನಲ್ಲಿ ಹಿಡಿಸಿತು. ಮತ್ತೆ ಆ ಕಾಲದ ಡ್ರಮ್ಸ್ ಶಬ್ದ! ಎಂಬತ್ತರ ದಶಕದ ಎಲ್ಲರ ಹಾಗೆ ಇಲ್ಲೂ ಡ್ರಮ್ಸಿಗೆ ಪ್ರತಿಧ್ವನಿ ಜಾಸ್ತಿ. ನಮ್ಮ ಸಣ್ಣ ಸ್ಪೀಕರಿನಲ್ಲಿ ಅದು ತಗಡಿನ ಮಾಡಿನ ಮೇಲೆ ತೆಂಗಿನಕಾಯಿ ಬಿದ್ದ ಹಾಗೆ ಕೇಳಿಸಿತು. ಪೇಸ್‌ನಂಥ ನಯವಾದ ಕೈಗೆ ಇದು ಅನ್ಯಾಯ.

ಇನ್ನು ನನ್ನದು. ಇದರ ಹಿಂದಿನ ಕಥೆ ಯಕ್ಷಗಾನ ನೋಡಿದವರಿಗೆ ಬೇಗ ಅರ್ಥ ಆಗುತ್ತದೆ. ಮೇಳದ ಭಾಗವತ ತಿರುಗಾಟದ ನಡುವೆ ಮುನಿಸಿಕೊಂಡು ಜಾಗಟೆ ಕೆಳಗಿಟ್ಟು ಹೋದರೆ ಏನಾಗಬಹುದೋ ಅದೇ ಆದದ್ದು. 1993ರ ನವೆಂಬರಿನಲ್ಲಿ ಯುರೋಪಿನ ಪ್ರವಾಸದ ಮಧ್ಯೆ ಬ್ಲ್ಯಾಕ್‌ಮೋರ್ ಬಿಟ್ಟು ನಡೆದ. ಮುಂದೆ ಜಪಾನಿನ ಕಾರ್ಯಕ್ರಮಗಳಿದ್ದವು, ಅಲ್ಲಿಗೆ ಗಿಟಾರಿನ ಜೋ ಸ್ಯಾಟ್ರಿಯಾನಿ ಅತಿಥಿ ಕಲಾವಿದನ ಹಾಗೆ ಬಂದು ನುಡಿಸಿಕೊಟ್ಟ. ಆಮೇಲೆ 1994ರಲ್ಲಿ ಗಿಟಾರಿಗೆ ಸ್ಟೀವ್ ಮೋರ್ಸ್ ಸೇರಿದ. ಅಮೆರಿಕದವನು, ಉಳಿದವರಿಗಿಂತ ಸಣ್ಣವನು, ನಡುವೆ ಒಂದಷ್ಟು ಕಾಲ ಸಂಗೀತ ಬಿಟ್ಟು ವಿಮಾನದಲ್ಲಿ ಪೈಲಟ್ ಕೆಲಸ ಮಾಡಿದವನು. ಆಲ್ಬಂ ಬರುವ ಮೊದಲೇ, 1995ರ ಏಪ್ರಿಲಿನಲ್ಲಿ ಈ ಹೊಸ ಜೋಡಣೆ ಬಾಂಬೆಯ ಅಂಧೇರಿಗೆ ಬಂದು ನುಡಿಸಿ ಹೋಗಿದೆ, ಅದರ ವಿಡಿಯೋ ಕೂಡ ಇದೆ. ಇಷ್ಟೆಲ್ಲ ಆಗಿ 1996ರಲ್ಲಿ ಆಲ್ಬಂ ಬಂದರೆ ಬ್ರಿಟನ್ನಿನ ಪಟ್ಟಿಯಲ್ಲಿ 50ರ ಒಳಗೂ ಹೋಗಲಿಲ್ಲ. ಹೆಸರೂ ಸ್ವಲ್ಪ ಹಾಗೇ ಇದೆ ಬಿಡಿ, 'ಪರ್ಪೆಂಡಿಕ್ಯುಲರ್' ಅಂದರೆ ಯಾರಾದರೂ ಗಣಿತದ ಪಾಠ ಅಂದುಕೊಂಡಾರು.

ಮೊದಲ ಹಾಡು 'ವವೂಮ್: ಟೆಡ್ ದ ಮೆಕ್ಯಾನಿಕ್' ಜೀಪಿನಲ್ಲಿ ಹಾಕಿದೆ, ಕುಂಬಳೆ ದಾಟಿದ ಮೇಲೆ. ಗಿಟಾರಿನ ತಂತಿ ಚಿವುಟಿದ ಹಾಗೆ ಕೀಂಯ್ ಕೀಂಯ್ ಅನ್ನುವ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು. ಅದರ ಮೇಲೆ ಗಿಲ್ಲನ್ ಹಾಡುವುದಕ್ಕಿಂತ ಜಾಸ್ತಿ ಹರಟೆ ಹೊಡೆಯುತ್ತಾನೆ. 1984ರಲ್ಲಿ ಅವನಿಗೆ 39, ಇಲ್ಲಿ 50 ವರ್ಷ. ಹಳೇ ಕಿರುಚಾಟ ಇಲ್ಲ, ಇಲ್ಲ ಅಂತ ಗೊತ್ತಿರುವವನ ಹಾಗೆ ಹಾಡುತ್ತಾನೆ, ಸುಮ್ನೆ ಗಂಟಲು ಹರಿದುಕೊಳ್ಳುವುದಿಲ್ಲ. ಭಾವ ಉಪ್ಪಳದವರೆಗೆ ಮಾತಾಡಲಿಲ್ಲ. ತಲಪಾಡಿ ಹತ್ತಿರ ಬಂದಾಗ "ಡ್ರಮ್ಸ್ ಒಳ್ಳೆದಿದ್ದು" ಅಂದ. ಅಷ್ಟೇ.

ನಿಜವಾಗಿ ಈ ಆಲ್ಬಂ ನನ್ನನ್ನು ಹಿಡಿದದ್ದು ರಾತ್ರಿ. 'ಸಮ್‌ಟೈಮ್ಸ್ ಐ ಫೀಲ್ ಲೈಕ್ ಸ್ಕ್ರೀಮಿಂಗ್' ಏಳು ನಿಮಿಷಕ್ಕೂ ಮಿಕ್ಕಿದ ಹಾಡು. ಹೆಸರಿನಲ್ಲಿ ಕಿರುಚಾಟ, ಶುರುವಿನಲ್ಲಿ ಒಂದೊಂದೇ ತಂತಿ ಬಿಡಿಬಿಡಿಯಾಗಿ ಮೀಟುವ ಗಿಟಾರ್, ಮೆಲ್ಲಗೆ ಗಿಲ್ಲನ್. ಅಂದು ಕರೆಂಟು ಹೋಗಿತ್ತು, ಹೊರಗೆ ತೋಟದಲ್ಲಿ ಸೋಗೆ ಬಿದ್ದ ಸದ್ದು ಬಿಟ್ಟರೆ ಏನೂ ಇಲ್ಲ. ಪಲ್ಲವಿ ಬರುವಾಗ ಒಮ್ಮೆಲೇ ಇಡೀ ಬ್ಯಾಂಡ್ ತೆರೆದುಕೊಂಡಿತು, ಮತ್ತೆ ಇಳಿಯಿತು. ಕೊನೆಗೆ ಮೋರ್ಸ್ ಸೋಲೋ ಎಳೆಯುತ್ತಾ ಹೋಗುತ್ತಾನೆ, ನಿಲ್ಲಿಸುವ ಅವಸರವೇ ಇಲ್ಲ. ಬ್ಲ್ಯಾಕ್‌ಮೋರ್ ಆಗಿದ್ದರೆ ಹೀಗೆ ನುಡಿಸುತ್ತಿರಲಿಲ್ಲ, ಅವನದು ಚೂಪು, ಸಿಟ್ಟಿನ ನುಡಿಸಾಣಿಕೆ. ಮೋರ್ಸ್‌ನದು ಉದ್ದ ಉಸಿರಿನದು. ಯಾವುದು ದೊಡ್ಡದು ಅಂತ ನಾನು ಹೇಳಲಾರೆ, ಆದರೆ ಅನುಕರಣೆ ಮಾಡಲಿಲ್ಲವಲ್ಲ, ಅದೇ ಅವನ ಗಟ್ಟಿತನ. ಹೊಸ ಭಾಗವತ ಹಳಬನ ಶೈಲಿಯಲ್ಲೇ ಪದ್ಯ ಹೇಳಿದರೆ ಜನ ಮೊದಲ ರಾತ್ರಿ ಚಪ್ಪಾಳೆ ಹೊಡೆಯುತ್ತಾರೆ, ಎರಡನೇ ಆಟಕ್ಕೆ ಬರುವುದಿಲ್ಲ.

'ದ ಏವಿಯೇಟರ್' ಬಂದಾಗ ಒಳಗಿದ್ದ ಅಮ್ಮ "ಇದಾರು ಹಾಡುದು?" ಅಂತ ಕೇಳಿದರು. ಹದಿನೈದು ದಿನದಲ್ಲಿ ಅವರು ವಿಚಾರಿಸಿದ ಒಂದೇ ಹಾಡು. ಕರೆಂಟಿನ ಗಿಟಾರ್ ಬದಿಗಿಟ್ಟು ಸಾದಾ ಗಿಟಾರಿನಲ್ಲಿ, ಐರ್ಲೆಂಡ್ ಕಡೆಯ ಜಾನಪದದ ಹಾಗಿರುವ ಹಾಡು. 1984ರ ಪರ್ಪಲ್ ಇಂಥದ್ದಕ್ಕೆ ಕೈ ಹಾಕುತ್ತಲೇ ಇರಲಿಲ್ಲ. 'ರೋಸಾಸ್ ಕ್ಯಾಂಟೀನಾ'ದಲ್ಲಿ ಗ್ಲೋವರನ ಬಾಸ್ ಹಿಡಿದುಕೊಂಡೇ ಹೋದರೆ ಸಾಕು, ಕಾಲು ತಾನಾಗಿ ಆಡುತ್ತದೆ.

ದೂರು ಇಲ್ಲ ಅಂತ ಅಲ್ಲ. ಹನ್ನೆರಡು ಹಾಡು, ಒಂದು ಗಂಟೆ ಮೇಲೆ, ಉದ್ದ ಆಯಿತು. 'ಸೂನ್ ಫರ್ಗಾಟನ್' ನನಗೆ ಇವತ್ತಿಗೂ ಹಿಡಿಸಿಲ್ಲ. ಕೊನೆಯ ಮೂರು ಹಾಡುಗಳ ಹೊತ್ತಿಗೆ ನಾನೂ ಗೋಣಿ ಕಟ್ಟುವ ಕೆಲಸಕ್ಕೆ ಎದ್ದುಹೋಗುತ್ತಿದ್ದೆ. 'ಪರ್ಫೆಕ್ಟ್ ಸ್ಟ್ರೇಂಜರ್ಸ್' ಹಾಡಿಗೆ ಎದುರು ನಿಲ್ಲುವಂಥ ಒಂದೇ ಒಂದು ಹಾಡು ಇದರಲ್ಲಿ ಕೊಡು ಅಂದರೆ ನನ್ನ ಹತ್ತಿರ ಇಲ್ಲ, ಒಪ್ಪಿದೆ.

ಹಾಗಾದರೆ ಯಾವುದು ತಗೊಳ್ಳುವುದು? ಬ್ಯಾಂಡನ್ನೇ ಮೊದಲ ಸಲ ಕೇಳುವವರು, ಜೀಪಿನಲ್ಲಿ ಅರ್ಧ ಗಂಟೆ ಹೋಗುವವರು 1984ರದ್ದು ಹಾಕಿ. ದಿನಗಟ್ಟಲೆ ಕೆಲಸದ ಜೊತೆ ಕೇಳುವವರಿಗೆ 1996ರದ್ದು. ಇಷ್ಟು ಹೇಳಿದ ಮೇಲೂ ಭಾವ ಮೋರ್ಸ್ ಬಗ್ಗೆ "ಅವನು ಬಾಡಿಗೆಗೆ ಬಂದವ" ಅಂದ. ಬಾಡಿಗೆಗೆ ಬಂದವನು 1994ರಿಂದ 2022ರ ತನಕ, 28 ವರ್ಷ ಇದ್ದ. ಬ್ಲ್ಯಾಕ್‌ಮೋರ್ ಎರಡು ಸಲ ಸೇರಿಸಿ ಇದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಇದಕ್ಕೆ ಭಾವನ ಹತ್ತಿರ ಉತ್ತರ ಇರಲಿಲ್ಲ. ಹೊರಡುವಾಗ ಪೆನ್‌ಡ್ರೈವ್ ಕೊಟ್ಟು ಎರಡನ್ನೂ ಹಾಕಿಕೊಡು ಅಂದ, 'ಸೂನ್ ಫರ್ಗಾಟನ್' ಮಾತ್ರ ಬೇಡವಂತೆ.