ಕೂಸಿನ ಕೌದಿಗೆ ಕತ್ತರಿಸಿಟ್ಟ ಪಟ್ಟಿಗಳನ್ನು ಕೊಳ್ಳುವ ಮುನ್ನ

ಕಳೆದ ಬೇಸಿಗೆಯಲ್ಲಿ ನನ್ನ ತಂಗಿ ಚೊಚ್ಚಲ ಹೆರಿಗೆಗೆಂದು ಕಲಬುರಗಿಯ ತವರಿಗೆ ಬಂದಾಗ, ಹುಟ್ಟಲಿರುವ ಕೂಸಿಗೆ ಕುಲಾಯಿ, ಕುಂಚಿಗೆಗಳ ಜೊತೆ ಒಂದು ಪುಟ್ಟ ಕೌದಿಯನ್ನೂ ನಾನೇ ಹೊಲಿಯಬೇಕೆಂದು ನಿರ್ಧರಿಸಿದೆ. ನಮ್ಮ ಕಡೆ ಕೂಸಿನ ಕೌದಿಗೆ ಹಳೆಯ ನೂಲಿನ ಸೀರೆ, ಧೋತರಗಳನ್ನೇ ಬಳಸುವುದು ರೂಢಿ. ಅವ್ವನೂ ಅದನ್ನೇ ಹೇಳಿದಳು: "ಹಳಿ ಸೀರಿ ಮೆತ್ತಗ ಇರ್ತಾವ, ಕೂಸಿಗಿ ಹೊಸಾ ಅರಬಿ ಯಾಕ ಬೇಕವ್ವಾ?" ಆದರೆ ಸಮಯ ಕಡಿಮೆಯಿದ್ದುದರಿಂದಲೂ ಬಣ್ಣಗಳ ಜೋಡಣೆ ಕಣ್ಣಿಗೆ ಹಿಡಿಸಿದ್ದರಿಂದಲೂ, ಮೊದಲೇ ಕತ್ತರಿಸಿ ಸುರುಳಿ ಸುತ್ತಿದ ಬಟ್ಟೆಯ ಪಟ್ಟಿಗಳ ಒಂದು ಕಟ್ಟನ್ನು ಮೊಬೈಲಿನಲ್ಲಿಯೇ ತರಿಸಿಕೊಂಡೆ. ಕಟ್ಟಿನಲ್ಲಿ 40 ಪಟ್ಟಿಗಳು, ಪ್ರತಿಯೊಂದೂ 2.5 ಇಂಚು ಅಗಲ ಮತ್ತು ಸುಮಾರು 42 ಇಂಚು ಉದ್ದ. ಮೇಲಿನ ಚೀಟಿಯಲ್ಲಿ ನೂರಕ್ಕೆ ನೂರು ಹತ್ತಿ ಎಂದು ಬರೆದಿತ್ತು.

ಎರಡೂ ಬದಿಗೆ ಕಾಲು ಇಂಚಿನ ಅಂಚು ಬಿಟ್ಟು ಹೊಲಿದರೆ 2.5 ಇಂಚಿನ ಪಟ್ಟಿ ಎರಡು ಇಂಚಾಗಿ ಉಳಿಯುತ್ತದೆ. ಆದ್ದರಿಂದ 20 ಪಟ್ಟಿಗಳಿಂದ ತೊಟ್ಟಿಲಿಗೆ ಸಾಕಾಗುವ ಕೌದಿಯಾಗುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ತಪ್ಪು ಪಟ್ಟಿಗಳಲ್ಲಿತ್ತು. ಕೆಲವು ಪಟ್ಟಿಗಳು ಒಂದು ತುದಿಯಲ್ಲಿ ಸರಿಯಾದ ಅಗಲದವಾಗಿದ್ದು, ಇನ್ನೊಂದು ತುದಿಯಲ್ಲಿ ದರ್ಜಿಗಳು ಒಂದು ಸೂತು ಎನ್ನುವಷ್ಟು, ಅಂದರೆ ಇಂಚಿನ ಎಂಟನೆಯ ಒಂದು ಭಾಗದಷ್ಟು, ಕಿರಿದಾಗಿದ್ದವು. ಒಂದೇ ಪಟ್ಟಿಯನ್ನು ನೋಡಿದರೆ ಇದು ತಿಳಿಯುವುದೇ ಇಲ್ಲ. ಅಂತಹ ಹನ್ನೆರಡು ಪಟ್ಟಿಗಳ ಕಿರಿದಾದ ತುದಿ ಒಂದೇ ಕಡೆಗೆ ಬಿದ್ದರೆ ಆ ಬದಿ ಒಂದೂವರೆ ಇಂಚು ಕುಗ್ಗುತ್ತದೆ. ನನ್ನ ಕೌದಿ ನೆಲದ ಮೇಲೆ ಹರವಿದಾಗ ಬೀಸಣಿಕೆಯ ಹಾಗೆ ಒಂದು ಕಡೆಗೆ ಬಿಚ್ಚಿಕೊಂಡಿತ್ತು. ಅಂಚನ್ನು ಕತ್ತರಿಸಿ ಹೇಗೋ ಚೌಕ ಮಾಡಿ, ಹಿಂಬದಿಗೆ ಬಿಳಿ ಮಲ್ ಬಟ್ಟೆ ಕೊಟ್ಟು ಮುಗಿಸಿದೆ. ಅಲ್ಲಿಗೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಹೆಸರಿಡುವ ದಿನ ಆ ಹೊಸ ಕೌದಿಯನ್ನು ಒಗೆಯದೆಯೇ ತೊಟ್ಟಿಲಿಗೆ ಹಾಸಿದೆವು. ಹೊಸದೆಂದರೆ ಸ್ವಚ್ಛವೆಂದು ನಾನು ಭಾವಿಸಿದ್ದೆ. ಸ್ವಲ್ಪ ಹೊತ್ತಿನಲ್ಲಿ ಕೂಸು ಒದ್ದೆ ಮಾಡಿಕೊಂಡು ಅಳತೊಡಗಿತು; ಎತ್ತಿಕೊಂಡು ನೋಡಿದರೆ ಅದರ ಬೆನ್ನು, ತೊಡೆ, ಬಿಳಿ ಅಂಗಿ ಎಲ್ಲವೂ ಕೆಂಪು. ತಂಗಿ ರಕ್ತವೆಂದೇ ತಿಳಿದು ಚೀರಿದಳು. ಆ ಚೀರು ನನ್ನ ಕಿವಿಯಲ್ಲಿ ಇನ್ನೂ ಇದೆ. ಅದು ಕಡುಗೆಂಪು ಪಟ್ಟಿಗಳಿಂದ ಬಿಟ್ಟ ಬಣ್ಣವಾಗಿತ್ತು. ಎರಡು ದಿನಗಳ ನಂತರ ಬೆನ್ನಿನ ಮೇಲೆ ಸಣ್ಣ ಗುಳ್ಳೆಗಳು ಎದ್ದವು. ತೋರಿಸಲು ಹೋದಾಗ ವೈದ್ಯರು, ಇದು ಬೇಸಿಗೆಯ ಬೆವರುಸಾಲೆಯೂ ಆಗಿರಬಹುದು, ಬಣ್ಣವೇ ಕಾರಣವೆಂದು ಹೇಳಲಾಗದು, ಆದರೆ ಆ ಬಟ್ಟೆಯನ್ನು ಮಾತ್ರ ಮತ್ತೆ ಕೂಸಿಗೆ ತಾಗಿಸಬೇಡಿ ಎಂದರು. ವರ್ಷ ತುಂಬುವವರೆಗೆ ಮಲಗಿದ ಮಗುವಿನ ಸುತ್ತ ಸಡಿಲವಾದ ಹೊದಿಕೆ, ದಿಂಬುಗಳನ್ನು ಇಡಬಾರದು, ಮುಖಕ್ಕೆ ಸರಿದರೆ ಉಸಿರಿಗೆ ತೊಂದರೆಯಾಗುತ್ತದೆ ಎಂದೂ ಎಚ್ಚರಿಸಿದರು. ನಾನು ಹೊದಿಸಲೆಂದೂ ಅದೇ ಕೌದಿಯನ್ನು ಇಟ್ಟುಕೊಂಡಿದ್ದೆ.

ಮನೆಗೆ ಬಂದು ಕೌದಿಯನ್ನು ಉಪ್ಪು ನೀರಿನಲ್ಲಿ ನೆನೆಸಿದೆ. ಉಪ್ಪು ಬಣ್ಣ ಕಟ್ಟುತ್ತದೆಂದು ನಮ್ಮಲ್ಲಿ ಬಹಳ ಜನ ನಂಬುತ್ತಾರೆ. ಬಟ್ಟೆಗೆ ಬಣ್ಣ ಹಾಕುವಾಗ ಉಪ್ಪು ನೆರವಾಗುತ್ತದೆ ನಿಜ, ಆದರೆ ಸರಿಯಾಗಿ ಹಿಡಿಯದ ಬಣ್ಣವನ್ನು ಅದು ಆಮೇಲೆ ನಿಲ್ಲಿಸಲಾರದು. ಬಿಳಿ ಮಲ್ ಬಟ್ಟೆ ಪೂರ್ತಿ ಗುಲಾಬಿಯಾಯಿತು. ಒಣಗಿದ ಮೇಲೆ ಇನ್ನೊಂದು ದೋಷ ಕಾಣಿಸಿತು: ಕೆಲವು ಪಟ್ಟಿಗಳು ಕುಗ್ಗಿ, ಪಕ್ಕದ ಪಟ್ಟಿಗಳು ಕುಗ್ಗದೆ, ಕೌದಿಯ ತುಂಬ ಸುಕ್ಕುಗಳು ಎದ್ದಿದ್ದವು. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ನಾಲ್ಕರಷ್ಟು ಕುಗ್ಗಿದರೂ 42 ಇಂಚಿನಲ್ಲಿ ಒಂದೂವರೆ ಇಂಚಿಗಿಂತ ಹೆಚ್ಚು ಹೋಗುತ್ತದೆ. ಪಾಲಿಯೆಸ್ಟರ್ ಬಹುತೇಕ ಕುಗ್ಗುವುದೇ ಇಲ್ಲ. ಸಂಶಯದಿಂದ ಉಳಿದ ಪಟ್ಟಿಗಳಿಂದ ಎಳೆಗಳನ್ನು ಕಿತ್ತು, ಚಿಮಟದಲ್ಲಿ ಹಿಡಿದು ಉರಿಸಿ ನೋಡಿದೆ. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತಗಿನ ಬೂದಿಯಾಯಿತು. ಏಳು ಪಟ್ಟಿಗಳ ಎಳೆಗಳು ಕರಗಿ ಗಟ್ಟಿ ಮಣಿಯಂತಾದವು. ನಮ್ಮೂರಿನ ಮೇ ತಿಂಗಳ ಸೆಕೆಯಲ್ಲಿ ಬೆವರನ್ನು ಹೀರದ ಆ ಬಟ್ಟೆಯ ಮೇಲೆ ಎಳೆಗೂಸನ್ನು ಮಲಗಿಸಿದ್ದೆ.

ಮಾರಿದವರು ಕತ್ತರಿಸಿದ ಬಟ್ಟೆಯನ್ನು ಹಿಂತೆಗೆದುಕೊಳ್ಳುವುದಿಲ್ಲವೆಂದು ಬರೆದು ಸುಮ್ಮನಾದರು. ಕಟ್ಟು ಬಿಚ್ಚುವಾಗ ನಾನು ಫೋಟೋ ತೆಗೆದಿರಲಿಲ್ಲ, ಹತ್ತಿ ಎಂದು ಬರೆದಿದ್ದ ಚೀಟಿಯನ್ನೂ ಎಸೆದಿದ್ದೆ. ನೀವು ಅವೆರಡನ್ನೂ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದಾದರೆ ಕೈಯಲ್ಲಿ ಆಧಾರವಿರಬೇಕು.

ಈ ಪಟ್ಟಿಗಳ ದೊಡ್ಡ ತೊಡಕೆಂದರೆ, ಹೊಲಿಯುವ ಮೊದಲು ಅವನ್ನು ಮೆಷಿನ್ನಿನಲ್ಲಿ ಒಗೆಯಲಾಗದು: ಅಂಚು ಎಳೆಬಿಟ್ಟು, ಒಂದಕ್ಕೊಂದು ಸುತ್ತಿಕೊಂಡು, ಅಗಲವೇ ಉಳಿಯುವುದಿಲ್ಲ. ಹೀಗಾಗಿ ಬಣ್ಣದ ದೋಷವೂ ಕುಗ್ಗುವಿಕೆಯೂ ಕೌದಿ ಮುಗಿದ ಮೇಲೆಯೇ ಹೊರಬೀಳುತ್ತವೆ. ಕೊಂಡೇಬಿಟ್ಟಿದ್ದರೆ ಪ್ರತಿ ಪಟ್ಟಿಯ ತುದಿಯನ್ನೂ ಒಂದು ಬಿಳಿ ಚಿಂದಿಯೊಂದಿಗೆ ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ ನೋಡಿ. ಕಡುಗೆಂಪು, ಕಡುನೀಲಿ, ಕಪ್ಪು ಬಣ್ಣಗಳನ್ನು ತಪ್ಪದೆ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಆ ಪಟ್ಟಿಯನ್ನು ಕೂಸಿನ ಕೌದಿಗೆ ಸೇರಿಸಲೇಬೇಡಿ. ಎರಡೂ ತುದಿಗಳ ಅಗಲವನ್ನು ಅಳೆಯುವುದನ್ನೂ ಮರೆಯಬೇಡಿ.

ನನ್ನನ್ನು ಕೇಳಿದರೆ ಅವುಗಳ ಗೊಡವೆಯೇ ಬೇಡ. ಅಂಗಡಿಯಲ್ಲಿ ಮುಟ್ಟಿ ನೋಡಿ, 44 ಇಂಚು ಪನ್ನದ, ಅಂದರೆ ಅಗಲದ, ಹತ್ತಿ ಬಟ್ಟೆಯನ್ನು ಅರ್ಧರ್ಧ ಮೀಟರ್ ತಂದು, ಎರಡು ಸಲ ಒಗೆದು ಇಸ್ತ್ರಿ ಮಾಡಿ, ಆಮೇಲೆ ನೀವೇ ಕತ್ತರಿಸಿ. ಅರ್ಧ ಮೀಟರಿನಲ್ಲಿ ಏಳು ಪಟ್ಟಿಗಳು ಬರುತ್ತವೆ, ಮೂರು ತುಂಡುಗಳಿಗೆ ಒಂದು ಕೌದಿಯಾಗುತ್ತದೆ. ನಾನು ಅದಕ್ಕೂ ಹೋಗಲಿಲ್ಲ. ಅವ್ವ ವರ್ಷಗಟ್ಟಲೆ ಉಟ್ಟು ಒಗೆದ ಎರಡು ನೂಲಿನ ಸೀರೆಗಳನ್ನು ಮಡಚಿ, ಕೈಯಿಂದಲೇ ಸಾಲುಹೊಲಿಗೆ ಹಾಕಿದೆವು. ಕೂಸು ಈಗ ಎಚ್ಚರವಾಗಿರುವಾಗ ಅದರ ಮೇಲೆ ಬೋರಲು ಬಿದ್ದು ಆಡುತ್ತದೆ.