ಭಾನುವಾರದ ಪೌಡರಿಗೆ ನಾನು ಮರುಳಾದೆ, ನೀವು ಆಗಬೇಡಿ

ಪಾರ್ಶ್ವವಾಯುವಿನಿಂದ ಎಡಭಾಗದ ಸ್ವಾಧೀನ ಕಳೆದುಕೊಂಡ ನನ್ನ ಅಮ್ಮನನ್ನು ಬೆಂಗಳೂರಿನ ಒಂದು ಖಾಸಗಿ ಆರೈಕೆ ಕೇಂದ್ರದಲ್ಲಿ ಐದು ತಿಂಗಳು ಇರಿಸಿದ್ದೆವು. ತಿಂಗಳಿಗೆ 38 ಸಾವಿರ ರೂಪಾಯಿ, ಮುಂಗಡ ಒಂದು ಲಕ್ಷ, ಡೈಪರ್ ಮತ್ತು ಔಷಧಿ ಬೇರೆ. ದುಡ್ಡಿನ ಮಾತು ಬಿಡಿ, ನನ್ನನ್ನು ಸುಡುತ್ತಿರುವುದು ಅದಲ್ಲ.

ಭೇಟಿಗೆ ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ಮಾತ್ರ ಅವಕಾಶವಿತ್ತು, ಅದನ್ನೂ ಹಿಂದಿನ ದಿನವೇ ಫೋನ್ ಮಾಡಿ ತಿಳಿಸಬೇಕಿತ್ತು. ನಾವು ಹೋದಾಗಲೆಲ್ಲ ಅಮ್ಮ ತಲೆ ಬಾಚಿಸಿಕೊಂಡು, ಮುಖಕ್ಕೆ ಪೌಡರ್ ಹಚ್ಚಿಸಿಕೊಂಡು, ಒಗೆದ ನೈಟಿಯಲ್ಲಿ ಗಾಲಿಕುರ್ಚಿಯ ಮೇಲೆ ಹಾಲ್‌ನಲ್ಲಿ ಕುಳಿತಿರುತ್ತಿದ್ದಳು. ಕೋಣೆಗೆ ಹೋಗುತ್ತೇನೆಂದರೆ ಸೋಂಕಿನ ನೆಪ. ಅಮ್ಮನ ಮಾತು ತೊದಲು. ಬಲಗೈಯಿಂದ ಸೊಂಟದ ಕಡೆ ತೋರಿಸಿ ಏನೋ ಹೇಳುತ್ತಿದ್ದಳು. "ಮನೆಗೆ ಹೋಗಬೇಕಂತೆ, ದಿನಾ ಇದೇ ಹಟ" ಎಂದು ಆಯಾ ನಕ್ಕಾಗ ನಾನೂ ನಕ್ಕೆ. ಹೊರಡುವಾಗ ಅವರು ಮುಂದೆ ಹಿಡಿದ ಅಭಿಪ್ರಾಯ ಪುಸ್ತಕದಲ್ಲಿ "ಮಗಳಾದ ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ" ಎಂದು ಬರೆದು ಸಹಿಯನ್ನೂ ಹಾಕಿದೆ. ನಾನೇ ಬರೆದೆ, ನನ್ನ ಕೈಯಾರೆ.

ನವೆಂಬರ್‌ನಲ್ಲಿ ಪಿಂಚಣಿಯ ಜೀವಂತ ಪ್ರಮಾಣಪತ್ರಕ್ಕೆ ಅಮ್ಮನ ಹೆಬ್ಬೆರಳ ಗುರುತು ಬೇಕಾಗಿದ್ದರಿಂದ ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಯಾರಿಗೂ ಹೇಳದೆ ಹೋದೆ. ಮಲಗಿ ಮಲಗಿ ಹುಣ್ಣಾಗದಿರಲೆಂದು ನಾವು ಪ್ರತ್ಯೇಕ ಬಾಡಿಗೆ ಕೊಡುತ್ತಿದ್ದ, ಗಾಳಿ ತುಂಬುವ ಏರ್ ಬೆಡ್‌ನ ಮೋಟರಿನ ಪ್ಲಗ್ ಕಿತ್ತು, ಆ ಜಾಗದಲ್ಲಿ ಯಾರದೋ ಮೊಬೈಲ್ ಚಾರ್ಜಿಗೆ ಹಾಕಲಾಗಿತ್ತು. ಅಮ್ಮನನ್ನು ಮಗ್ಗುಲಿಗೆ ಹೊರಳಿಸಿದರೆ ಬೆನ್ನಿನ ಬುಡದಲ್ಲಿ ಅಂಗೈಯಗಲದ ಹಾಸಿಗೆ ಹುಣ್ಣು, ಅಂಚೆಲ್ಲ ಕಪ್ಪು. ಇಂಥ ರೋಗಿಗಳನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ, ಅದಕ್ಕೆಂದೇ ಗೋಡೆಯ ಮೇಲೊಂದು ಚಾರ್ಟ್ ಇತ್ತು. ಬೆಳಿಗ್ಗೆ ಹನ್ನೊಂದಕ್ಕೇ ಆ ಚಾರ್ಟ್‌ನಲ್ಲಿ ರಾತ್ರಿ ಹತ್ತರವರೆಗಿನ ಸಹಿಗಳೂ ಬಿದ್ದಿದ್ದವು!

ಮೇಲ್ವಿಚಾರಕಿಯನ್ನು ಕರೆಸಿದೆ. "ಮೇಡಂ, ಮಲಗಿದಲ್ಲೇ ಇರುವವರಿಗೆ ಇದೆಲ್ಲ ಸಹಜ" ಎಂದರು. ಚಾರ್ಟ್ ತೋರಿಸಿದರೆ "ಹೊಸ ಹುಡುಗಿ, ತಿಳಿಯದೆ ಬರೆದಿದ್ದಾಳೆ" ಎಂದರು. ನಾನು ದನಿ ಏರಿಸಿದ ಮೇಲೆ ಮ್ಯಾನೇಜರ್ ಆ ಅಭಿಪ್ರಾಯ ಪುಸ್ತಕವನ್ನೇ ತಂದು, ನನ್ನ ಸಾಲಿನ ಮೇಲೆ ಬೆರಳಿಟ್ಟು, "ನೀವೇ ಬರೆದಿದ್ದೀರಲ್ಲ, ಓದಿ" ಎಂದರು. ಓದಲಾಗಲಿಲ್ಲ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

ನಿಮ್ಮವರು ಇಂಥ ಕಡೆ ಇದ್ದರೆ ಹೇಳದೆ ಹೋಗಿ, ವಾರದ ನಡುವೆ ಹೋಗಿ, ಹೊದಿಕೆ ಸರಿಸಿ ಬೆನ್ನು, ಹಿಮ್ಮಡಿ ನೋಡಿ. ಹೇಳದೆ ಬರುವವರನ್ನು ಒಳಗೆ ಬಿಡದ ಕಡೆ ಸೇರಿಸಲೇಬೇಡಿ. ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಅಭಿಪ್ರಾಯ ಪುಸ್ತಕಕ್ಕೆ ಮಾತ್ರ ಒಂದಕ್ಷರವನ್ನೂ ಬರೆಯಬೇಡಿ.

ಅಮ್ಮ ಈಗ ಮನೆಯಲ್ಲಿದ್ದಾಳೆ, ದಿನ ಬಿಟ್ಟು ದಿನ ಡ್ರೆಸ್ಸಿಂಗ್ ನಡೆಯುತ್ತಿದೆ. ಒಂದು ತಿಂಗಳು ಮೊದಲೇ ತಿಳಿಸಲಿಲ್ಲವೆಂದು ಮುಂಗಡದಲ್ಲಿ 38 ಸಾವಿರ ಮುರಿದುಕೊಂಡರು. ನಾನು ಬರೆದ ಹಾಳೆಯನ್ನಾದರೂ ಹರಿದು ಕೊಡಿ ಎಂದು ಕೇಳಿದ್ದಕ್ಕೆ, ಅದು ಸಂಸ್ಥೆಯ ದಾಖಲೆಯಂತೆ, ಕೊಡಲಾಗುವುದಿಲ್ಲವಂತೆ.